ಡಂಬಳಕ್ಕೆ ಅರ್ಧ ತಾಸು ಸಾಕಾ?

ಪ್ರಶ್ನೆ: ನಾವು ಹುಬ್ಬಳ್ಳಿಯ ನಾಲ್ವರು ಗೆಳತಿಯರು. ದಿನಾ ಬೆಳಗ್ಗೆ ಉಣಕಲ್ ಕೆರೆ ಹತ್ತಿರ ವಾಕಿಂಗ್ ಮಾಡುತ್ತೇವೆ. ಈ ಚಳಿಗಾಲದಲ್ಲಿ ಕೆರೆ ಇರುವ ಒಂದು ಸಣ್ಣ ಊರಿಗೆ ಹೋಗಿ, ಎರಡು ದಿನ ಆರಾಮಾಗಿ ನಡೆದಾಡಿ ಬರಬೇಕು ಅಂತ ಆಸೆ. ಗದಗ ಜಿಲ್ಲೆಯ ಡಂಬಳ ಅಂದುಕೊಂಡಿದ್ದೇವೆ. ಆದರೆ ಮನೆಯಲ್ಲಿ 'ಅಲ್ಲೇನೈತಿ, ಒಂದು ಗುಡಿ ಅಷ್ಟ, ಅರ್ಧ ತಾಸು ಸಾಕು' ಅಂತಾರೆ. ನಿಜಾನಾ? ಯಾವ ತಿಂಗಳು ಒಳ್ಳೆಯದು? ಕಪ್ಪತಗುಡ್ಡ ಹತ್ತಬಹುದಾ? ನಮ್ಮಲ್ಲಿ ಒಬ್ಬರಿಗೆ ಮೊಣಕಾಲು ನೋವಿದೆ.

ಉತ್ತರ: ಅರ್ಧ ತಾಸು ಸಾಕಾಗುವುದಿಲ್ಲ. ಒಂದು ಇಡೀ ದಿನ ಇಟ್ಟುಕೊಳ್ಳಿ.

ನಿಮ್ಮ ಮನೆಯವರು ಹೇಳಿದ್ದು ಅವರು ಕಂಡ ಮಾತೇ ಇರಬೇಕು. ಬಹಳ ಜನ ಡಂಬಳವನ್ನು ಹಾಗೇ ನೋಡುತ್ತಾರೆ. ಗುಡಿ ಮುಂದೆ ಕಾರು ನಿಲ್ಲುತ್ತದೆ, ನಾಲ್ಕು ಫೋಟೋ ಆಗುತ್ತವೆ, ಕಾರು ತಿರುಗುತ್ತದೆ. ಕೆರೆ ಕಡೆ ಯಾರೂ ಹೋಗುವುದೇ ಇಲ್ಲ. ಧಾರವಾಡ, ಗದಗ, ಹಾವೇರಿ ಕಡೆಯ ಕೆರೆ ಏರಿಗಳ ಮೇಲೆ, ಅಂದರೆ ನೀರು ತಡೆಯುವ ಮಣ್ಣಿನ ಒಡ್ಡಿನ ಮೇಲೆ, ಸಣ್ಣ ಸಣ್ಣ ಗುಂಪುಗಳನ್ನು ಕರೆದುಕೊಂಡು ನಡೆಯುವುದು ನನ್ನ ಬಹಳ ವರ್ಷದ ಕೆಲಸ. ಡಂಬಳಕ್ಕೆ ಬಂದವರಿಗೆ ನಾನು ಮೊದಲು ಹೇಳುವುದು ಒಂದೇ ಮಾತು: ಮೊದಲು ಕೆರೆ, ಆಮೇಲೆ ಗುಡಿ. ಈ ಊರು ಇಲ್ಲೇ ಯಾಕೆ ಬೆಳೆಯಿತು ಅನ್ನುವುದು ಏರಿ ಮೇಲೆ ನಿಂತಾಗ ತಿಳಿಯುತ್ತದೆ. ನೀವು ದಿನಾ ನಡೆಯುವವರು, ಕೆರೆ ದಂಡೆ ಪರಿಚಯ ಇರುವವರು. ಡಂಬಳ ನಿಮ್ಮಂಥವರಿಗೇ ಹೇಳಿ ಮಾಡಿಸಿದ ಊರು.

ಹೋಗುವ ದಾರಿ ಸುಲಭ. ಹುಬ್ಬಳ್ಳಿಯಿಂದ ಗದಗಕ್ಕೆ ಸುಮಾರು 60 ಕಿಲೋಮೀಟರ್. ರೈಲೂ ಇದೆ, ಬಸ್ಸೂ ಇದೆ. ಗದಗದಿಂದ ಮುಂಡರಗಿ ಬಸ್ಸು ಹತ್ತಿದರೆ 20 ಕಿಲೋಮೀಟರ್ ದಾಟಿದ ಸ್ವಲ್ಪ ಹೊತ್ತಿಗೆ ಡಂಬಳ. ಉಳಿಯುವುದಕ್ಕೆ ಗದಗವೇ ಸರಿ. ಹಿಂದಿನ ಸಂಜೆಯೇ ಗದಗಕ್ಕೆ ಬಂದು ಮಲಗಿ, ಬೆಳಗ್ಗೆ ಬೇಗ ಎದ್ದು ಡಂಬಳಕ್ಕೆ ಹೋಗಿ. ಗದಗದ ಬಸ್ ಸ್ಟ್ಯಾಂಡಿನಲ್ಲೇ ಶೌಚಕ್ಕೆ ಹೋಗಿ ಬನ್ನಿ. ಡಂಬಳದಲ್ಲಿ ಬೇಕೆಂದಾಗ ಸಿಗುತ್ತದೆ ಅಂತ ನಂಬಿಕೊಳ್ಳಬೇಡಿ. ಹೆಣ್ಣುಮಕ್ಕಳ ಗುಂಪಿಗೆ ಇದನ್ನು ಯಾರೂ ಮೊದಲೇ ಹೇಳುವುದಿಲ್ಲ, ಆಮೇಲೆ ಇಡೀ ದಿನ ನೀರು ಕುಡಿಯದೆ ಒದ್ದಾಡುತ್ತಾರೆ. ಅದಕ್ಕೇ ಹೇಳಿದೆ.

ಇನ್ನು ಕೆರೆ. ಕಲ್ಲು ಹಾಸಿದ ದಾರಿ, ಕೂರುವ ಬೆಂಚು, ಒಂದು ಸುತ್ತಿಗೆ ಇಷ್ಟು ಹೆಜ್ಜೆ ಅನ್ನುವ ಲೆಕ್ಕ, ಇದನ್ನೆಲ್ಲ ಮನಸ್ಸಿನಿಂದ ತೆಗೆದುಬಿಡಿ. ಇದು ಹೊಲಗಳಿಗೆ ನೀರು ಕೊಡಲಿಕ್ಕೆ ಕಟ್ಟಿದ ಕೆರೆ. ಏರಿ ಉದ್ದಕ್ಕೂ ಹೋಗಿ ಅದೇ ದಾರಿಯಲ್ಲಿ ವಾಪಸ್ ಬರಬೇಕು. ಏರು ಇಳಿತ ಇಲ್ಲದ್ದರಿಂದ ಮೊಣಕಾಲು ನೋವಿನವರಿಗೂ ತೊಂದರೆ ಇಲ್ಲ. ಅವರ ಕೈಗೆ ಒಂದು ಕೋಲು ಕೊಡಿ, ಬೇಕಾದಷ್ಟು ದೂರ ಬಂದು ಕೂರಲಿ.

ಏರಿ ಮೇಲೆ ಹತ್ತು ಹೆಜ್ಜೆ ಇಟ್ಟು ನಿಲ್ಲಿ. ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ ನೋಡಿ. ಒಂದು ಕಡೆ ನೀರು. ಇನ್ನೊಂದು ಕಡೆ ನೀರಿನ ಮಟ್ಟಕ್ಕಿಂತ ಕೆಳಗೆ ಇರುವ ಹೊಲ. ಈ ಎತ್ತರದ ವ್ಯತ್ಯಾಸದಲ್ಲೇ ಎಲ್ಲ ಇದೆ. ಪಂಪಿಲ್ಲ, ಕರೆಂಟಿಲ್ಲ, ನೀರು ತಾನಾಗೇ ಇಳಿದು ಹೋಗುತ್ತದೆ. ಏರಿಯ ಹೊಟ್ಟೆಯೊಳಗಿಂದ ನೀರು ಹೊರಬರುವ ಬಾಯಿಯೇ ತೂಬು. ಈ ಭಾಗದ ಹಳೇ ಕೆರೆಗಳಲ್ಲಿ ನೀರಿನೊಳಗೆ ಎರಡು ಕಲ್ಲಿನ ಕಂಬ, ಮೇಲೊಂದು ಅಡ್ಡ ಕಲ್ಲು ಕಾಣುತ್ತದೆ. ಕೆಳಗೆ ಒಂದು ತೂತು, ಅದಕ್ಕೊಂದು ಬಿರಡೆ. ಬಿರಡೆ ಎತ್ತಿದರೆ ನೀರು, ಇಳಿಸಿದರೆ ಬಂದ್. ಯಾರ ಹೊಲಕ್ಕೆ ಯಾವ ದಿನ, ಎಷ್ಟು ಹೊತ್ತು ಅನ್ನುವ ಪಾಳಿ ಊರಿನ ಹಿರಿಯರ ಬಾಯಲ್ಲಿ ಇರುತ್ತಿತ್ತು.

ನೀರಿನ ಕಡೆಯ ಇಳಿಜಾರಿಗೆ ಕಲ್ಲು ಜೋಡಿಸಿರುತ್ತಾರೆ. ಗಾಳಿ ಬೀಸಿದಾಗ ತೆರೆ ಬಂದು ಬಡಿಯುತ್ತವೆ. ಕಲ್ಲಿಲ್ಲದಿದ್ದರೆ ಮಣ್ಣು ದಿನಾ ಸ್ವಲ್ಪ ಸ್ವಲ್ಪ ಕರಗಿ ಹೋಗುತ್ತದೆ. ಆ ಕಲ್ಲುಗಳ ಸಂದಿಯಲ್ಲಿ ಜಾಲಿ ಗಿಡ ಎದ್ದಿದ್ದರೆ ನನಗೆ ಸಂಕಟವಾಗುತ್ತದೆ. ಗಿಡ ಸಣ್ಣದಿದ್ದಾಗ ಯಾರಿಗೂ ಅದು ಲೆಕ್ಕಕ್ಕಿಲ್ಲ. ಆದರೆ ಬೇರು ಒಳಗಿಳಿದು, ಮುಂದೊಂದು ದಿನ ಗಿಡ ಸತ್ತು ಬೇರು ಕೊಳೆತರೆ ಅಲ್ಲೊಂದು ಕೊಳವೆ ಆಗುತ್ತದೆ. ನೀರು ಆ ದಾರಿ ಹಿಡಿಯುತ್ತದೆ. ಕೆರೆ ಒಡೆಯುವುದು ಎಷ್ಟೋ ಸಲ ಹೀಗೇ. ಇನ್ನು ಕೋಡಿ ಅಂದರೆ ಹೆಚ್ಚಾದ ನೀರು ಹೊರಗೆ ಹೋಗುವ ಜಾಗ. ಅದು ಏರಿಗಿಂತ ಕೆಳಮಟ್ಟದಲ್ಲೇ ಇರಬೇಕು. ನೀರು ಏರಿಯನ್ನೇ ಹತ್ತಿ ಹರಿದರೆ ಮಣ್ಣಿನ ಏರಿ ಕೆಲವೇ ತಾಸಿನಲ್ಲಿ ಕೊಚ್ಚಿ ಹೋಗುತ್ತದೆ. 'ಕೆರಿ ಕೋಡಿ ಬಿತ್ತು' ಅಂತ ಊರವರು ಖುಷಿಯಿಂದ ಹೇಳುತ್ತಾರಲ್ಲ, ಆ ಖುಷಿಯಲ್ಲಿ ಕೆರೆ ತುಂಬಿತು ಅನ್ನುವುದೂ ಇದೆ, ಏರಿ ಗಟ್ಟಿಯಾಗಿ ನಿಂತಿತು ಅನ್ನುವುದೂ ಇದೆ.

ಗದಗ ಜಿಲ್ಲೆಗೆ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ಅದೂ ಕೆಲವೇ ದಿನಗಳಲ್ಲಿ, ಒಮ್ಮೊಮ್ಮೆ ಒಂದೇ ರಾತ್ರಿಯಲ್ಲಿ ರಪರಪ ಸುರಿದು ಹೋಗುತ್ತದೆ. ಅದನ್ನು ಹಿಡಿದಿಟ್ಟುಕೊಂಡವರು ಮಾತ್ರ ಇಲ್ಲಿ ಊರು ಕಟ್ಟಬಹುದಿತ್ತು. ಏರಿಯ ಮೇಲಿಂದ ಕಣ್ಣು ದೂರ ಹಾಯಿಸಿದರೆ ಕಪ್ಪತಗುಡ್ಡದ ಸಾಲು ಕಾಣುತ್ತದೆ. ನೀರು ಹಳ್ಳ ಹಿಡಿದು ಬರುವುದು ಆ ಕಡೆಯಿಂದ. ಗುಡ್ಡದ ಮೇಲೆ ಹುಲ್ಲು ಗಿಡ ಇದ್ದರೆ ನೀರು ನಿಧಾನಕ್ಕೆ ಇಳಿದು ತಿಳಿಯಾಗಿ ಬರುತ್ತದೆ. ಗುಡ್ಡ ಬೋಳಾದರೆ ಮಣ್ಣೂ ಜೊತೆಗೆ ಬಂದು ಕೆರೆಯಲ್ಲಿ ಹೂಳಾಗಿ ಕೂರುತ್ತದೆ. ಗುಡ್ಡ, ಕೆರೆ, ಹೊಲ, ಊರು ಎಲ್ಲ ಒಂದೇ ದಾರದಲ್ಲಿ ಪೋಣಿಸಿದ ಹಾಗೆ. ಏರಿಯ ಮೇಲೆ ನಿಂತರೆ ಆ ದಾರ ಒಂದೇ ನೋಟಕ್ಕೆ ಸಿಗುತ್ತದೆ.

ಈಗ ಊರೊಳಗೆ ಬನ್ನಿ. ಡಂಬಳದ ಹಳೇ ಹೆಸರು ಧರ್ಮವೊಳಲು, ಧರ್ಮಪುರ ಅಂತಲೂ ಇದೆ. 'ವೊಳಲು' ಅಂದರೆ ನಮ್ಮ 'ಹೊಳಲು', ಪಟ್ಟಣ. 1095ರ ಒಂದು ಶಾಸನ ಇಲ್ಲಿ ಸಿಕ್ಕಿದೆ. ಕಲ್ಯಾಣ ಚಾಲುಕ್ಯರ ಅರಸ ಆರನೇ ವಿಕ್ರಮಾದಿತ್ಯನ ಕಾಲದ್ದು. ಇಲ್ಲಿನ 16 ಸೆಟ್ಟಿಗಳು ಸೇರಿ ಬುದ್ಧನ ವಿಹಾರ ಕಟ್ಟಿಸಿದ್ದನ್ನು ಅದು ಹೇಳುತ್ತದೆ. ಬೌದ್ಧರ ತಾರಾದೇವಿಯ ವಿಹಾರದ ಮಾತೂ ಅದರಲ್ಲಿದೆ. ಯೋಚನೆ ಮಾಡಿ, ಬಸವಣ್ಣನವರ ಕಾಲಕ್ಕೆ ಸ್ವಲ್ಪ ಮೊದಲು, ಈ ಕರಿಮಣ್ಣಿನ ಎರೆ ಹೊಲಗಳ ನಡುವೆ, ವ್ಯಾಪಾರಿಗಳು ದುಡ್ಡು ಹಾಕಿ ಬೌದ್ಧ ವಿಹಾರ ಕಟ್ಟಿಸುತ್ತಿದ್ದಾರೆ. ಅಷ್ಟು ಜನ ಸೆಟ್ಟಿಗಳು ಇರುವ ಪೇಟೆ ಬೆಳೆಯಬೇಕಾದರೆ ಅದಕ್ಕೆ ತಕ್ಕ ಕಾಳುಕಡಿ ಬೇಕು, ನೀರು ಬೇಕು. ಏರಿಯ ಮೇಲೆ ನಡೆದು ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಊರಿಗೆ ಕೋಟೆಯೂ ಇತ್ತು. 1800ರ ಜುಲೈನಲ್ಲಿ ಇಂಗ್ಲಿಷರ ವಿರುದ್ಧ ಬಂಡೆದ್ದಿದ್ದ ಧೋಂಡಿಯಾ ವಾಘನ ಕಡೆಯವರ ಕೈಯಲ್ಲಿದ್ದ ಈ ಕೋಟೆಯನ್ನು ಇಂಗ್ಲಿಷರ ಸೈನ್ಯ ಹಿಡಿಯಿತು. ಸೈನ್ಯದ ಮುಂದಾಳು ಆರ್ಥರ್ ವೆಲ್ಲೆಸ್ಲಿ. 15 ವರ್ಷದ ಮೇಲೆ ವಾಟರ್‌ಲೂದಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು ಇವನೇ. 1858ರಲ್ಲಿ ಮುಂಡರಗಿ ಭೀಮರಾಯ ಇಂಗ್ಲಿಷರ ವಿರುದ್ಧ ಬಂಡೆದ್ದಾಗ ಡಂಬಳದ ಖಜಾನೆಗೂ ಕೈ ಹಾಕಿದ. ಖಜಾನೆ ಇಡುವಷ್ಟು ದೊಡ್ಡ ಊರಾಗಿತ್ತು ಇದು.

ಹೊಟ್ಟೆ ಹಸಿದಿದ್ದರೆ ಇಲ್ಲಿ ನಿಂತು ಏನಾದರೂ ತಿನ್ನಿ. ರೊಟ್ಟಿ, ಶೇಂಗಾ ಚಟ್ನಿ, ಮೊಸರು ಕಟ್ಟಿಕೊಂಡು ಬಂದಿದ್ದರೆ ಎಲ್ಲಕ್ಕಿಂತ ಒಳ್ಳೆಯದು. ಡಂಬಳಕ್ಕೂ ರೊಟ್ಟಿಗೂ ನಂಟಿದೆ ಅಂತ ನಿಮಗೆ ಗೊತ್ತಿರಬಹುದು. ಇಲ್ಲಿನ ತೋಂಟದಾರ್ಯ ಮಠದ ಜಾತ್ರೆಗೆ ರೊಟ್ಟಿ ಜಾತ್ರೆ ಅಂತಲೇ ಹೆಸರು. ಮನೆ ಮನೆಯಿಂದ ಜೋಳದ ರೊಟ್ಟಿ ಬರುತ್ತದೆ. ಜೊತೆಗೆ ಕಾಳು ಪಲ್ಯ, ಕರಿಂಡಿ. ಯಾವ ಜಾತಿ, ಯಾವ ಧರ್ಮ ಅಂತ ನೋಡದೆ ಸಾಲಾಗಿ ಕೂತು ಉಣ್ಣುತ್ತಾರೆ. ಚಳಿ ಕಳೆಯುವ ಹೊತ್ತಿಗೆ ಬರುವ ಜಾತ್ರೆ ಇದು. ನಿಮ್ಮ ದಿನಗಳನ್ನು ಅದಕ್ಕೆ ಹೊಂದಿಸಿಕೊಂಡರೆ ಬಹಳ ಚೆನ್ನ. ಆದರೆ ಅವತ್ತು ಶಾಂತವಾಗಿ ನಡೆದಾಡುವ ಆಸೆ ಬಿಡಬೇಕು.

ಈಗ ದೊಡ್ಡಬಸಪ್ಪನ ಗುಡಿ. ಕಲ್ಯಾಣ ಚಾಲುಕ್ಯರ ಕಾಲದ್ದು, 12ನೇ ಶತಮಾನ. ದೊಡ್ಡ ನಂದಿ ಇದೆ, ಅದಕ್ಕೇ ದೊಡ್ಡಬಸಪ್ಪ. ಕಲ್ಲು ಬಳಪದ ಕಲ್ಲು. ನೆಲದಿಂದ ತೆಗೆದ ಹೊಸದರಲ್ಲಿ ಮೆತ್ತಗಿರುತ್ತದೆ, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತಾ ಹೋಗುತ್ತದೆ. ಅದರಿಂದಲೇ ಇಷ್ಟು ಸಣ್ಣ ಕೆತ್ತನೆ ಮಾಡಲು ಆಯಿತು.

ಒಳಗೆ ಹೋಗುವ ಮೊದಲು ಹೊರಗಿನಿಂದ ಒಂದು ಸುತ್ತು ಹಾಕಿ, ನಿಧಾನಕ್ಕೆ. ಗರ್ಭಗುಡಿಯ ಗೋಡೆ ದುಂಡಗೂ ಇಲ್ಲ, ಚೌಕವೂ ಇಲ್ಲ. ಚಕ್ಕಲಿ ಒತ್ತುವ ಬಿಲ್ಲೆಯಲ್ಲಿ ನಕ್ಷತ್ರ ಇರುತ್ತದಲ್ಲ, ಹಾಗೆ ಮೂಲೆ ಮೂಲೆಯಾಗಿ ತಿರುಗುತ್ತದೆ. ಒಟ್ಟು 24 ಮೂಲೆಗಳ ನಕ್ಷತ್ರ. ಇದನ್ನು ಹೇಗೆ ಗುರುತು ಹಾಕಿರಬಹುದು ಅಂತ ತಿಳಿಯಬೇಕಾದರೆ ಮನೆಯಲ್ಲೇ ಮಾಡಿ ನೋಡಿ. ಕಾಗದದ ಮೇಲೆ ಒಂದು ಚೌಕ ಬರೆಯಿರಿ. ನಡುವಿನ ಚುಕ್ಕಿಯನ್ನು ಬೆರಳಲ್ಲಿ ಒತ್ತಿ ಹಿಡಿದು, ಚೌಕವನ್ನು 15 ಡಿಗ್ರಿ ತಿರುಗಿಸಿ ಮತ್ತೊಂದು ಬರೆಯಿರಿ. ಹೀಗೆ ಆರು ಚೌಕ ಆದಾಗ 24 ಮೂಲೆ ಬರುತ್ತವೆ. ಒಮ್ಮೆ ನಮ್ಮ ಜೊತೆ ಬಂದಿದ್ದ ಒಬ್ಬ ಅಜ್ಜಿ ಇದನ್ನು ನೋಡಿದ ಕೂಡಲೇ ಮಣ್ಣಿನಲ್ಲಿ ಕಡ್ಡಿಯಿಂದ ಬರೆದು ತೋರಿಸಿದರು. ದೀಪಾವಳಿಗೆ ಅಂಗಳದಲ್ಲಿ ಅವರು ಹಾಕುತ್ತಿದ್ದ ರಂಗೋಲಿಯೇ ಅದು. ನಾನು ಅಳತೆ ಪಟ್ಟಿ, ಚಿತ್ರ ಎಲ್ಲ ಹಿಡಿದುಕೊಂಡು ಹೋಗಿ ವಿವರಿಸುತ್ತಿದ್ದೆ. ಅವತ್ತಿನಿಂದ ಅಜ್ಜಿಯ ದಾರಿಯಲ್ಲೇ ವಿವರಿಸುತ್ತೇನೆ.

ಇನ್ನೊಂದು ವಿಷಯ. ಇಂಥ ನಕ್ಷತ್ರದ ಗುಡಿಗಳು ಬೇರೆ ಕಡೆಯೂ ಇವೆ. ಆದರೆ ಬಹಳ ಕಡೆ ಗೋಡೆಯ ನಡುನಡುವೆ ಚಪ್ಪಟೆ ಭಾಗ ಬಂದು ನಕ್ಷತ್ರ ತುಂಡಾಗುತ್ತದೆ. ಡಂಬಳದಲ್ಲಿ ಹಾಗಿಲ್ಲ. ಮೂಲೆಯ ಪಕ್ಕ ಮೂಲೆ, ಒಂದೇ ಸಮ ಓಡುತ್ತದೆ. ಬೆಳಗಿನ ಬಿಸಿಲು ಓರೆಯಾಗಿ ಬಿದ್ದಾಗ ಪ್ರತಿ ಮೂಲೆಯ ಒಂದು ಮುಖ ಬೆಳಕು, ಇನ್ನೊಂದು ಮುಖ ನೆರಳು. ಈಗ ತಲೆ ಎತ್ತಿ. ಮೇಲೆ ಏಳು ಅಂತಸ್ತು. ಕೆಳಗಿನ ಮೂಲೆಗಳೇ ಅಂತಸ್ತಿನಿಂದ ಅಂತಸ್ತಿಗೆ ಸಣ್ಣದಾಗುತ್ತಾ ಏರುತ್ತವೆ. ತುದಿಗೆ ಹೋಗುವಷ್ಟರಲ್ಲಿ ಮೂಲೆ ಯಾವುದು, ದುಂಡು ಯಾವುದು ಅಂತ ಕಣ್ಣಿಗೆ ಬೇರೆ ಮಾಡಲು ಆಗುವುದಿಲ್ಲ. ಒಂದು ಮೂಲೆಯನ್ನು ಹಿಡಿದು ಬುಡದಿಂದ ತುದಿವರೆಗೆ ಕಣ್ಣಲ್ಲೇ ಹತ್ತಿ ಹೋಗಿ. ಎರಡು ಮೂರು ಸಲ ದಾರಿ ತಪ್ಪುತ್ತದೆ. ಇಷ್ಟಕ್ಕೇ ಅರ್ಧ ತಾಸು ಬೇಕು ನೋಡಿ! ಕೈ ಮಾತ್ರ ಇಡಬೇಡಿ. ಸಾವಿರಾರು ಬೆರಳು ಸವರಿದ ಕಡೆ ಕೆತ್ತನೆ ನುಣ್ಣಗಾಗಿ ಹೋಗುತ್ತದೆ.

ಹತ್ತಿರದಲ್ಲೇ ಸೋಮೇಶ್ವರ ಗುಡಿ ಇದೆ, ಅದು ಸಾದಾ. ಜಪದ ಬಾವಿಯನ್ನು ಮಾತ್ರ ಬಿಡಬೇಡಿ, ಊರಿನಲ್ಲಿ ಯಾರನ್ನು ಕೇಳಿದರೂ ತೋರಿಸುತ್ತಾರೆ. ಮೆಟ್ಟಿಲಿರುವ ಬಾವಿ. ಸುತ್ತಲ ಗೋಡೆಯಲ್ಲಿ ಕೂತು ಜಪ ಮಾಡುವಷ್ಟು ಸಣ್ಣ ಸಣ್ಣ ಗೂಡುಗಳಿವೆ. ಮೊಣಕಾಲು ನೋವಿನವರು ಮೇಲಿಂದಲೇ ನೋಡಲಿ, ಎಲ್ಲ ಕಾಣುತ್ತದೆ. ಇಳಿಯುವವರು ಪಾಚಿ ನೋಡಿಕೊಂಡು ಇಳಿಯಿರಿ.

ಅದೇ ದಿನ ಹಳೇ ಗುಡಿಗಳ ಊರಾದ ಲಕ್ಕುಂಡಿಯನ್ನೂ ಮುಗಿಸೋಣ ಅಂತ ಗುಂಪಿನಲ್ಲಿ ಒಬ್ಬರಾದರೂ ಹೇಳೇ ಹೇಳುತ್ತಾರೆ. ಬೇಡ ಅನ್ನಿ. ಅದು ಕೊಪ್ಪಳದ ರಸ್ತೆ, ಬೇರೆ ದಿಕ್ಕು. ಲಕ್ಕುಂಡಿಗೆ ಬೇರೆಯೇ ಒಂದು ದಿನ ಬೇಕು.

ಕಪ್ಪತಗುಡ್ಡದ ಬಗ್ಗೆ ಕೇಳಿದ್ದೀರಿ. ಡಂಬಳದಿಂದ ಡೋಣಿ ಕಡೆ ಹೋದರೆ ಗುಡ್ಡದ ದಾರಿ. ಮೇಲೆ ಕಪ್ಪತ ಮಲ್ಲಯ್ಯನ ಗುಡಿ ಇದೆ. ಆದರೆ ಇದು 2019ರಿಂದ ವನ್ಯಜೀವಿಧಾಮ. ಅರಣ್ಯ ಇಲಾಖೆಯವರನ್ನು ಮೊದಲೇ ಕೇಳಿ, ಎಲ್ಲಿ ಬಿಡುತ್ತಾರೋ ಅಷ್ಟೇ ದೂರ ಹೋಗಿ. ಸುಮ್ನೆ ಯಾವುದೋ ಕಾಲುದಾರಿ ಹಿಡಿದು ಒಳಗೆ ನುಗ್ಗಬೇಡಿ. ತೋಳ, ಕತ್ತೆಕಿರುಬ ಇರುವ ಗುಡ್ಡ ಅದು. ಔಷಧಿ ಗಿಡಗಳಿಗೂ ಹೆಸರಾದದ್ದು. ಈ ಗುಡ್ಡ ಉಳಿದದ್ದು ಸುಲಭಕ್ಕಲ್ಲ. 2015ರಲ್ಲಿ ಸಂರಕ್ಷಿತ ಪ್ರದೇಶ ಅಂತ ಆಯಿತು, 2016ರಲ್ಲಿ ಆ ಆದೇಶ ವಾಪಸಾಯಿತು. ಗದಗದ ತೋಂಟದ ಸಿದ್ಧಲಿಂಗ ಸ್ವಾಮೀಜಿ ಮುಂದೆ ನಿಂತರು, ಊರೂರಿನ ಜನ ಬೀದಿಗಿಳಿದರು. 2017ರಲ್ಲಿ ಆದೇಶ ಮತ್ತೆ ಬಂತು. ಸ್ವಾಮೀಜಿ 2018ರಲ್ಲಿ ಲಿಂಗೈಕ್ಯರಾದರು, ವನ್ಯಜೀವಿಧಾಮ ಆದದ್ದನ್ನು ನೋಡಲಿಲ್ಲ. ನನಗೆ ಇದು ಈಗಲೂ ನೋವಿನ ವಿಷಯ. ಹೋದರೆ ಒಂದು ಕಡ್ಡಿ ಪೆಟ್ಟಿಗೆಯನ್ನೂ ಒಯ್ಯಬೇಡಿ. ಜನವರಿ ದಾಟಿದರೆ ಹುಲ್ಲು ಒಣಗಿ ಕಿಡಿಗೆ ಕಾಯುತ್ತಿರುತ್ತದೆ. ಮೊಣಕಾಲು ನೋವಿನವರಿಗೆ ಗುಡ್ಡ ಬೇಡವೇ ಬೇಡ. ಅವರಿಗೆ ಏರಿಯ ಮೇಲಿಂದ ಕಾಣುವ ಗುಡ್ಡ ಸಾಕು. ಸಂಜೆ ಹೊತ್ತಿಗೆ ಅದರ ಬಣ್ಣ ಬದಲಾಗುವುದನ್ನು ಕೂತು ನೋಡಿದವರೇ ಹೆಚ್ಚು ಕಂಡಿರುತ್ತಾರೆ ಅಂತ ನನಗೆ ಎಷ್ಟೋ ಸಲ ಅನಿಸಿದೆ.

ತಿಂಗಳು ಯಾವುದು? ನವೆಂಬರ್ ಮಧ್ಯದಿಂದ ಜನವರಿ ಕೊನೆವರೆಗೆ. ಹಿಂಗಾರು ಮಳೆ ಮುಗಿದು ಕೆರೆಯಲ್ಲಿ ನೀರಿರುತ್ತದೆ, ಹೊಲದಲ್ಲಿ ಬಿಳಿಜೋಳ, ಕಡಲೆ ಇರುತ್ತದೆ. ಜನವರಿ ಆಸುಪಾಸಿನಲ್ಲಿ ಹೋದರೆ ಸೀತನಿ ಸಿಗುವ ಕಾಲ. ಎಳೆ ಜೋಳದ ತೆನೆಯನ್ನು ಕುಳ್ಳಿನ ಬೆಂಕಿಯಲ್ಲಿ ಸುಟ್ಟು, ಬಿಸಿ ಇರುವಾಗಲೇ ಅಂಗೈಯಲ್ಲಿ ತಿಕ್ಕಿ, ಊದಿ, ಬಾಯಿಗೆ ಹಾಕಿಕೊಳ್ಳುವುದು. ಹೊಲದವರು ಕರೆದರೆ ಸಂಕೋಚ ಪಡಬೇಡಿ. ಮಳೆ ಕೈಕೊಟ್ಟ ವರ್ಷ ಕೆರೆ ಬರಿದಾಗಿರಬಹುದು, ಹೊರಡುವ ಮೊದಲು ಆ ಕಡೆಯವರು ಯಾರನ್ನಾದರೂ ಕೇಳಿಕೊಳ್ಳಿ. ಮಳೆ ಬಂದ ಮರುದಿನ ಮಾತ್ರ ಹೊಲದ ದಾರಿ ಹಿಡಿಯಬೇಡಿ. ಎರೆ ಮಣ್ಣು ಬೂಟಿಗೆ ಮೆತ್ತಿಕೊಂಡರೆ ಹೆಜ್ಜೆಗೊಂದು ಪದರ ಸೇರುತ್ತದೆ. ಒಂದು ಸಲ ನಮ್ಮ ಗುಂಪಿನವರು ಬೂಟು ಕೈಯಲ್ಲಿ ಹಿಡಿದು ಬರಿಗಾಲಲ್ಲಿ ವಾಪಸ್ ಬರಬೇಕಾಯಿತು. ಇಬ್ಬರ ಕಾಲಿಗೆ ಜಾಲಿಮುಳ್ಳು ಚುಚ್ಚಿತ್ತು.

ಎರಡನೇ ದಿನಕ್ಕೆ ಮಾಗಡಿ ಕೆರೆ. ಗದಗದಿಂದ 26 ಕಿಲೋಮೀಟರ್, ಶಿರಹಟ್ಟಿ, ಲಕ್ಷ್ಮೇಶ್ವರದ ಕಡೆ. ಜಗತ್ತಿನ ಮುಖ್ಯ ಕೆರೆ, ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ 2024ರಲ್ಲಿ ಸೇರಿದ ಕೆರೆ ಇದು. ಚಳಿಗಾಲದಲ್ಲಿ ಇಲ್ಲಿಗೆ ಬರುವ ಪಟ್ಟೆತಲೆ ಹೆಬ್ಬಾತುಗಳು ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುತ್ತವೆ. ಬೂದು ಮೈ, ಬಿಳಿ ತಲೆ, ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆ. ಅಷ್ಟು ಎತ್ತರದ ತೆಳು ಗಾಳಿಯಲ್ಲೂ ಆಕ್ಸಿಜನ್ ಹಿಡಿದುಕೊಳ್ಳುವ ರಕ್ತ ಅವಕ್ಕಿದೆ. ರಾತ್ರಿ ಸುತ್ತಲಿನ ಹೊಲಗಳಲ್ಲಿ ಮೇಯುತ್ತವೆ, ಬೆಳಗ್ಗೆ ಕೆರೆಗೆ ಮರಳಿ ಹಗಲೆಲ್ಲ ನೀರಿನ ಅಂಚಿನಲ್ಲಿ ಇರುತ್ತವೆ. ನೀವು ಬೆಳಗ್ಗೆ ಬೇಗ ಹೋಗಿ ದಂಡೆಯಲ್ಲಿ ಕೂತಿರಿ. ಮೊದಲು ದೂರದಿಂದ ಕೂಗು ಕೇಳುತ್ತದೆ, ಆಮೇಲೆ ಸಾಲು ಕಾಣುತ್ತದೆ. ಗಾಢ ಬಣ್ಣದ ಸೀರೆ, ದುಪಟ್ಟಾ ಅವತ್ತು ಬೇಡ. ಒಂದು ಸಲ ನಮ್ಮ ಜೊತೆ ಬಂದವರೊಬ್ಬರು ಫೋಟೋ ಆಸೆಗೆ ನೀರಿನ ಅಂಚಿಗೆ ಇಳಿದರು. ನೂರಾರು ಹಕ್ಕಿ ಒಟ್ಟಿಗೆ ಎದ್ದು ಹೋದವು. ರಾತ್ರಿಯೆಲ್ಲ ಮೇದು ವಿಶ್ರಾಂತಿಗೆ ಬಂದ ಹಕ್ಕಿಗಳು ಅವು, ನಾವು ತಡೆಯಬೇಕಿತ್ತು. ಮಾಗಡಿಯಲ್ಲಿ ನಡೆಯುವುದು ಕಡಿಮೆ, ಕೂರುವುದು ಜಾಸ್ತಿ. ಹಿಂದಿನ ದಿನ ಡಂಬಳದಲ್ಲಿ ನಡೆದ ಕಾಲಿಗೆ ಅದೂ ಬೇಕಲ್ವಾ?

ಡಂಬಳದ ದಿನ ಮುಗಿಸುವ ಮೊದಲು, ಸಂಜೆ ನಾಲ್ಕೂವರೆ ಹೊತ್ತಿಗೆ ಗುಡಿ ಬಿಟ್ಟು ಮತ್ತೊಮ್ಮೆ ಏರಿಯ ಮೇಲೆ ಹೋಗಿ. ಬೆಳಗ್ಗೆ ನೋಡಿದ ಅದೇ ತೂಬು, ಅದೇ ಕೋಡಿ, ಅದೇ ಹೊಲ. ಎಮ್ಮೆಗಳು ನೀರು ಬಿಟ್ಟು ಏಳುತ್ತಿರುತ್ತವೆ, ಊರ ಕಡೆ ಒಲೆಯ ಹೊಗೆ ಏಳುತ್ತಿರುತ್ತದೆ. ಗದಗದ ಕೊನೇ ಬಸ್ಸು ಎಷ್ಟಕ್ಕೆ ಅಂತ ಬೆಳಗ್ಗೆ ಇಳಿದಾಗಲೇ ಕೇಳಿಟ್ಟುಕೊಂಡಿರಿ. ಇಲ್ಲದಿದ್ದರೆ ಅಲ್ಲಿ ಕೂತಷ್ಟು ಹೊತ್ತೂ ಗಡಿಯಾರ ನೋಡಬೇಕಾಗುತ್ತದೆ.